ನರ್ಸಮ್ಮ ಬಿಟ್ಟುಹೋದ ಪುಸ್ತಕಗಳು

ನರ್ಸಮ್ಮನ ಹತ್ತಿರ ಕೂತರೆ ಹೊಗೆಸೊಪ್ಪಿನ ವಾಸನೆ ಬರುತ್ತಿತ್ತು. ಬಿಳಿ ಸೀರೆ, ಎಣ್ಣೆ ಹಾಕಿ ಬಿಗಿಯಾಗಿ ಕಟ್ಟಿದ ಸಣ್ಣ ತುರುಬು, ಉಗುರಿನ ಸಂದಿಯಲ್ಲೂ ಕೊಳೆಯಿಲ್ಲದ ಕೈ. ಇಷ್ಟು ಚೊಕ್ಕಟವಾಗಿದ್ದ ಹೆಂಗಸಿನ ಮೈಯಿಂದ ಆ ಘಾಟು ಬರುವುದು ಯಾರಿಗೂ ಸರಿಕಾಣುತ್ತಿರಲಿಲ್ಲ. ಕದ್ದು ಹಾಕುತ್ತಾರೆ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಹಲ್ಲು ನೋಡಿದ್ದರೆ ನಿಜ ಗೊತ್ತಾಗುತ್ತಿತ್ತು, ಆದರೆ ನರ್ಸಮ್ಮ ನಗುತ್ತಿದ್ದದ್ದೇ ಕಡಿಮೆ. ಹೊಗೆಸೊಪ್ಪು ಇದ್ದದ್ದು ಅವರ ಬಾಯಲ್ಲಲ್ಲ, ಪುಸ್ತಕಗಳಲ್ಲಿ. ಹುಳ ಹಿಡಿಯದಿರಲಿ ಎಂದು ಒಂದೊಂದು ಪುಸ್ತಕದೊಳಗೂ ಒಂದೆರಡು ಒಣ ಎಲೆ ಇಡುತ್ತಿದ್ದರು.

ಮೊಮ್ಮಕ್ಕಳೇ, ಕೊಟ್ಟಿಗೆಯ ಅಟ್ಟದ ಮೇಲಿರುವ ಪುಸ್ತಕಗಳು ಯಾರವು ಎಂದು ನೀವು ಕೇಳಿದಾಗಲೆಲ್ಲ "ಒಬ್ಬರು ಕೊಟ್ಟರು" ಎಂದು ಸುಮ್ಮನಾಗುತ್ತಿದ್ದೆ. ಎದುರಿಗೆ ಕೂತು ಹೇಳುವುದು ನನಗೆ ಬರುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ಹಳ್ಳಿಯ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು, ತಪ್ಪಿದ್ದರೆ ತಿದ್ದಿಕೊಳ್ಳಿ.

ನಿಮ್ಮ ತಾತ ತೀರಿಕೊಂಡ ಮೇಲೆ ನನ್ನ ಅತ್ತೆಗೆ ಉಬ್ಬಸದ ಮಾತ್ರೆ ತರುವ ಕೆಲಸ ನನಗೆ ಬಂತು. ಬುಧವಾರ ಬುಧವಾರ ಚನ್ನಪಟ್ಟಣದ ಆಸ್ಪತ್ರೆಗೆ ಹೋಗಿ, ಮಾತ್ರೆ ತೆಗೆದುಕೊಂಡು, ಹೊಂಗನೂರಿನ ಬಸ್ಸಿಗೆ ಕಾಯುತ್ತಿದ್ದೆ. ಬಸ್ಸು ನಿಲ್ಲುವ ಜಾಗದ ಎದುರಿಗೇ ನರ್ಸಮ್ಮನ ಬಾಡಿಗೆ ಮನೆ. ಕನಕಪುರ, ಮಾಗಡಿ ಎಂದು ಊರೂರು ತಿರುಗಿ ಕೆಲಸ ಮಾಡಿ, ನಿವೃತ್ತಿಯಾದ ಮೇಲೆ ಅಲ್ಲಿ ಒಬ್ಬರೇ ಇದ್ದರು. ಗಂಡಸರ ಗುಂಪಿನಿಂದ ದೂರ, ಸೆರಗು ಹೊದ್ದು ಬಿಸಿಲಲ್ಲಿ ನಿಂತಿದ್ದ ನನ್ನನ್ನು ಒಂದು ದಿನ ಅವರೇ ಕೂಗಿದರು.

"ಏ ಅಮ್ಮಾ, ಬಿಸಿಲಲ್ಲಿ ನಿಂತ್ರೆ ಬಸ್ಸು ಬೇಗ ಬರುತ್ತಾ? ಬಂದು ಜಗಲಿ ಮೇಲೆ ಕೂತ್ಕೊ."

ಹೋಗಿ ಅಂಚಿನಲ್ಲಿ ಕೂತೆ. ಅವರು ನಿಂತುಕೊಂಡೇ ಓದುತ್ತಿದ್ದರು, ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು. ಮೂವತ್ತು ವರ್ಷ ವಾರ್ಡಿನಲ್ಲಿ ನಿಂತು ನಿಂತು ಕೂರುವುದೇ ಮರೆತುಹೋಗಿದೆ ಎಂದು ಆಮೇಲೊಂದು ಸಲ ಹೇಳಿದರು.

"ಯಾವೂರು?"

"ಹೊಂಗನೂರು."

"ಓದೋಕೆ ಬರುತ್ತಾ?"

ತಲೆಯಾಡಿಸಿದೆ. ಒಂದು ಕತೆ ಪುಸ್ತಕ ತಂದು ತೊಡೆಯ ಮೇಲಿಟ್ಟರು. ಅವತ್ತಿನಿಂದ ಅವರ ಬಾಯಲ್ಲಿ ನನ್ನ ಹೆಸರು ಹೊಂಗನೂರು ಎಂದೇ ಆಯಿತು. ನಿಜವಾದ ಹೆಸರು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಅವರ ಹೆಸರು ಕೇಳುವ ಧೈರ್ಯ ನನಗೂ ಇರಲಿಲ್ಲ.

ಎರಡು ವರ್ಷದ ಬುಧವಾರಗಳು, ಒಂದೊಂದರಲ್ಲಿ ಕಾಲು ಗಂಟೆ, ಹೆಚ್ಚೆಂದರೆ ಅರ್ಧ ಗಂಟೆ. ನಮ್ಮ ಪರಿಚಯ ಇಷ್ಟೇ. ಅದರಲ್ಲೂ ಮಾತು ಬಹಳ ಕಡಿಮೆ. ಪುಸ್ತಕ ಮನೆಗೆ ಮಾತ್ರ ಕೊಡುತ್ತಿರಲಿಲ್ಲ. ಒಂದು ಸಲ ಕತೆಯ ಹುಡುಗಿ ಬಾವಿಕಟ್ಟೆಯ ಮೇಲೆ ನಿಂತಿದ್ದಾಳೆ, ಅಷ್ಟರಲ್ಲಿ ಬಸ್ಸು ಬಂತು. ಪುಸ್ತಕ ಎದೆಗೆ ಒತ್ತಿಕೊಂಡು, ನನಗೇ ಆಶ್ಚರ್ಯವಾಗುವಂತೆ, "ಇದೊಂದ ತಕ್ಕೊಂಡು ಓಯ್ತೀನಿ ನರ್ಸಮ್ಮ, ಬರೋ ವಾರ ತತ್ತೀನಿ" ಎಂದೆ.

"ಕೊಡಲ್ಲ," ಎಂದರು. "ಕೊಟ್ರೆ ನೀನು ಮನೇಲಿ ಓದಿ ಮುಗಿಸ್ತೀಯ. ಆಮೇಲೆ ಇಲ್ಲಿಗ್ಯಾಕೆ ಬರ್ತೀಯ?"

ತಮಾಷೆಗೆ ಹೇಳಿದಂತಿರಲಿಲ್ಲ. ನಾನು ಓದಿದಲ್ಲಿಗೆ ಒಂದು ಹೊಗೆಸೊಪ್ಪಿನ ಎಲೆ ಇಟ್ಟು ಪುಸ್ತಕ ಮುಚ್ಚಿದರು. ಒಂದು ವಾರ ಪೂರ್ತಿ ಆ ಹುಡುಗಿ ಬಿದ್ದಳೋ ಇಲ್ಲವೋ ಎಂದು ನನಗೆ ಸೊಪ್ಪು ಹೆಚ್ಚುವಾಗ, ಮುದ್ದೆ ತಿರುವುವಾಗ ಅದೇ ಚಿಂತೆ. ಮುಂದಿನ ಬುಧವಾರ ಓದಿದೆ, ಬೀಳಲಿಲ್ಲ. ನಾನು ಉಸಿರು ಬಿಟ್ಟದ್ದು ಕೇಳಿಸಿರಬೇಕು, ನರ್ಸಮ್ಮ ತಮ್ಮ ಪುಸ್ತಕದಿಂದ ತಲೆಯೆತ್ತದೆ, "ನಾನೂ ಹೆದರಿಕೊಂಡಿದ್ದೆ. ನಾಕು ಸಲ ಓದಿದೀನಿ, ನಾಕು ಸಲಾನೂ" ಎಂದರು.

ಅವರು ಹೋದದ್ದು ನನಗೆ ಹದಿನಾರು ದಿನ ತಡವಾಗಿ ಗೊತ್ತಾಯಿತು. ಮನೆಯಲ್ಲಿ ರೇಷ್ಮೆ ಹುಳದ ಕೆಲಸದಲ್ಲಿ ಎರಡು ಬುಧವಾರ ತಪ್ಪಿತ್ತು. ಆ ಎರಡು ವಾರ ಮಾತ್ರೆ ಶಿವಣ್ಣ ತಂದಿದ್ದ. ಶಿವಣ್ಣ ನನ್ನ ಹಿರಿಯ ಮಗ, ನಿಮ್ಮಲ್ಲಿ ಕೆಲವರಿಗೆ ಅಪ್ಪ, ಕೆಲವರಿಗೆ ದೊಡ್ಡಪ್ಪ. ಮೂರನೆಯ ಬುಧವಾರ ಹೋದರೆ ಬೀಗ. ಮನೆಯ ಯಜಮಾನರು ಪಕ್ಕದ ಬಾಗಿಲಿನಿಂದ ಬಂದು, "ನೀವೇ ಏನ್ರಮ್ಮ ಬುಧವಾರದ ಹೊಂಗನೂರು?" ಎಂದರು. ಮಾಗಡಿ ಕಡೆಯಿಂದ ಅಣ್ಣನ ಮಗ ಬಂದು ಕಾರ್ಯ ಮುಗಿಸಿ, ಮಂಚ, ಪಾತ್ರೆ ತೆಗೆದುಕೊಂಡು ಹೋದನಂತೆ. ಪುಸ್ತಕಗಳ ಮೇಲೆ ಒಂದು ಚೀಟಿ ಇತ್ತಂತೆ. ಜೇಬಿನಿಂದ ತೆಗೆದು ಕೊಟ್ಟರು. 'ಇವು ಬುಧವಾರ ಬರುವ ಹೊಂಗನೂರಿಗೆ.' ಅಷ್ಟೇ ಬರೆದಿತ್ತು.

"ಹೆಸರು ಹಾಕಿಲ್ಲ ನೋಡಿ. ಎರಡು ವಾರದಿಂದ ಬಸ್ಸಿಳಿಯೋ ಹೆಂಗಸರ ಮುಖಾನೇ ನೋಡ್ತಿದೀನಿ ನಾನು. ಜನ ಏನಂದ್ಕೊಂಡ್ರೋ!" ಎಂದರು.

ನಗು ಬರಬೇಕಿತ್ತು. ನಾನು ಜಗಲಿಯ ಮೇಲೆ ಕೂತು ಅತ್ತೆ. ಹೆಸರು ಗೊತ್ತಿಲ್ಲದವರಿಗಾಗಿ ಹಾಗೆ ಅತ್ತದ್ದು ಅದೊಂದೇ ಸಲ.

ಶಿವಣ್ಣ ರಾಮನಗರದ ಮಾರುಕಟ್ಟೆಗೆ ಗೂಡು ಹಾಕಿ ಬರುವಾಗ ಟೆಂಪೋದಲ್ಲಿ ಆರು ಚೀಲ ಪುಸ್ತಕ ತಂದ. ನಡುಮನೆಯ ಮೂಲೆಯಲ್ಲಿ ಪೇರಿಸಿದೆವು. ಗೋಡೆಯ ಆಚೆಗೆ ಹುಳದ ಕೋಣೆ. ರೇಷ್ಮೆ ಹುಳಕ್ಕೆ ಹೊಗೆಸೊಪ್ಪು ವಿಷ ಎಂದು ನಮ್ಮ ಕಡೆ ಕೂಸಿಗೂ ಗೊತ್ತು. ಎಲೆಯಡಿಕೆ ಜೊತೆ ಅದನ್ನು ಹಾಕುವವರನ್ನು ಹುಳದ ಮನೆಯ ಹೊಸಿಲು ದಾಟಿಸುವುದಿಲ್ಲ. ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಚನ್ನಪಟ್ಟಣದಿಂದ ಬಂದರೆ, ಹೊರಗಿನಿಂದ ಬಂದವಳೆಂದು ನಾನಾಗಿಯೇ ಸ್ನಾನ ಮಾಡಿ ಸೀರೆ ಬದಲಾಯಿಸಿ ಹುಳದ ಹತ್ತಿರ ಹೋಗುತ್ತಿದ್ದೆ. ಈಗ ನಾನು ಎಲ್ಲಿಗೂ ಹೋಗಿರಲಿಲ್ಲ, ಪುಸ್ತಕವೇ ಮನೆಗೆ ಬಂದಿತ್ತು. ಆ ಘಾಟು ಕೂಡ ನನಗೆ ಅಷ್ಟರಲ್ಲಿ ಹೊಗೆಸೊಪ್ಪಿನದಾಗಿ ಉಳಿದಿರಲಿಲ್ಲ, ನರ್ಸಮ್ಮನದಾಗಿತ್ತು. ಒಂದು ಮಧ್ಯಾಹ್ನ ಚೀಲ ಬಿಚ್ಚಿ, ಪುಟ ತಿರುವಿ, ಎಲೆಗಳನ್ನು ಎತ್ತಿ ಎತ್ತಿ ಇಟ್ಟು, ಓದಿದೆ. ಹೊತ್ತಾಯಿತೆಂದು ಎದ್ದು, ಅದೇ ಕೈಯಲ್ಲಿ ಹುಳಕ್ಕೆ ಸೊಪ್ಪು ಹಾಕಿದೆ.

ಸಂಜೆಗೆ ಹುಳಗಳು ತಲೆ ಎತ್ತಿ ಆಡಿಸತೊಡಗಿದವು. ಹಸಿರು ನೀರು ಕಕ್ಕಿದವು. ಹನ್ನೆರಡು ತಟ್ಟೆ ಹೋಯಿತು. ಶಿವಣ್ಣ ತಟ್ಟೆ ತಟ್ಟೆ ಮೂಸಿ ನೋಡಿ ಕೊನೆಗೆ ನನ್ನ ಕಡೆ ತಿರುಗಿದ.

"ಕೈ ತೋರ್ಸವ್ವ." ಮೂಸಿದ. "ಹೊಗೆಸೊಪ್ಪು! ಯಾವಾಗಿಂದ ಕಲ್ತ್ಕೊಂಡೆ ಇದ್ನ?"

ನಾನು ಮೂಲೆಯ ಚೀಲಗಳ ಕಡೆ ಕೈ ತೋರಿಸಿದೆ. ಅವನು ಒಂದು ಪುಸ್ತಕ ಒದರಿದ. ಎಲೆ ಉದುರಿತು. ಆಗ ಅವನಿಗೆ ಸಿಟ್ಟು ಬಂತು.

"ಗುಜರಿಯವನು ನಾಳೀಕೆ ಬತ್ತಾನೆ. ಎಲ್ಲಾನೂ ತೂಕಕ್ಕೆ ಹಾಕ್ಬುಡು."

"ಹಾಕಾಕಿಲ್ಲ."

ಮಗನಿಗೆ ನಾನು ಎದುರು ಹೇಳಿದ್ದು ಅದೇ ಮೊದಲು.

"ಯಾರವ್ವ ಅವ್ರು ನಿಂಗೆ? ನೆಂಟ್ರಾ, ಇಷ್ಟ್ರಾ?"

"ಯಾರೂ ಅಲ್ಲ."

"ಮತ್ತೆ? ಹುಳ ಇಕ್ಕೋ ಮನೇಲಿ ವಿಸ ಇಟ್ಕೊಂಡು ಕುಂತ್ಕಳಕಾಯ್ತದಾ? ಯಾಕ್ ಬೇಕು ಹೇಳು, ಒಂದ್ ಕಾರಣ ಹೇಳು, ಇಟ್ಕೊ."

ಕಾರಣ ಬಾಯಿಗೆ ಬರಲಿಲ್ಲ. ಅವನು ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಆ ಹುಳದಿಂದಲೇ ನಮ್ಮ ಊಟ. ಬೆಳಿಗ್ಗೆ ಎಲ್ಲರೂ ಏಳುವ ಮೊದಲು ನಾನೊಬ್ಬಳೇ ಆರು ಚೀಲವನ್ನೂ ಹಿತ್ತಿಲ ಕೊಟ್ಟಿಗೆಗೆ ಎಳೆದುಕೊಂಡು ಹೋದೆ. ಒಂದೊಂದೇ ಪುಸ್ತಕ ಬಿಡಿಸಿ, ಎಲೆ ಆರಿಸಿ, ದೂರದಲ್ಲಿ ಹೂತೆ. ನಾಲ್ಕು ದಿನ ಹಿಡಿಯಿತು. ಗುಜರಿಯವನು ಬಂದಾಗ ಶಿವಣ್ಣ ಕೊಟ್ಟಿಗೆಯ ಬಾಗಿಲವರೆಗೆ ಬಂದು ನನ್ನನ್ನು ನೋಡಿ, "ಹೋಗಪ್ಪ, ಇವತ್ತೇನೂ ಇಲ್ಲ" ಎಂದು ಅವನನ್ನು ಕಳಿಸಿಬಿಟ್ಟ.

ಎಲೆ ತೆಗೆದರೂ ಕಾಗದದ ಘಾಟು ಹೋಗಲಿಲ್ಲ. ಹಾಗಾಗಿ ಓದಬೇಕೆಂದರೆ ಕೊಟ್ಟಿಗೆಗೇ ಹೋಗುವುದು, ಓದಿದ ಮೇಲೆ ತಲೆಗೆ ನೀರು ಹಾಕಿಕೊಂಡು, ಸೀರೆ ಬದಲಾಯಿಸಿ ಒಳಗೆ ಬರುವುದು ಎಂದಾಯಿತು. ಪಕ್ಕದ ಮನೆಯ ಪುಟ್ಟಮ್ಮ ಬೇಲಿಯ ಮೇಲಿಂದ, "ಏನಕ್ಕೋ, ಓದಿದ್ರೆ ಮೈಲಿಗೆಯಾ ನಿಮ್ಮನೇಲಿ? ನಮ್ಮನೆ ಗಂಡಸ್ರು ಸದ್ಯ ಪೇಪರ್ ಮುಟ್ಟಾಕಿಲ್ಲ, ನೀರು ಉಳೀತು" ಎಂದು ನಗುತ್ತಿದ್ದಳು. ಸೊಸೆ ಜಯಮ್ಮ ಕೆಲವು ದಿನದ ಮೇಲೆ ಕೆಲಸ ಮುಗಿಸಿ ಬಂದು, "ಅತ್ತೆ, ಇವತ್ತು ಓದ್ತೀರಾ? ನೀರೊಲೆಗೆ ಇನ್ನೊಂದು ಸೌದೆ ಇಕ್ಕಲಾ?" ಎಂದು ಕೇಳತೊಡಗಿದಳು. ನಮ್ಮ ಮನೆಯಲ್ಲಿ ಪುಸ್ತಕ ಉಳಿದದ್ದು ಹಾಗೆ. ಚಳಿಗಾಲದಲ್ಲೂ, ಜ್ವರ ಬಿಟ್ಟ ಮರುದಿನವೂ ನಾನು ಓದಿ ಸ್ನಾನ ಮಾಡಿದ್ದೇನೆ.

ಶಿವಣ್ಣ ಕೇಳಿದ ಕಾರಣವನ್ನು ಇಲ್ಲಿ ಬರೆಯುತ್ತೇನೆ. ಅವನಿಗೆ ನೀವೇ ಓದಿ ಹೇಳಿ.

ಕೊನೆಯ ಬುಧವಾರ ನರ್ಸಮ್ಮ ನಿಂತಿರಲಿಲ್ಲ. ಜಗಲಿಯ ಮೇಲೆ ಚಾಪೆ ಹಾಕಿ ಗೋಡೆಗೆ ಒರಗಿ ಕೂತಿದ್ದರು. ಕಾಲು ಊದಿತ್ತು. ಕೂತ ನರ್ಸಮ್ಮನನ್ನು ನೋಡಿದಾಗಲೇ ನನಗೆ ತಿಳಿಯಬೇಕಿತ್ತು. ಇಬ್ಬರೂ ಓದಲಿಲ್ಲ. ಬಸ್ಸು ಬಂದು ನಿಂತಿತು.

"ಇವತ್ತು ಈ ಬಸ್ಸು ಬಿಟ್ಬಿಡು ಹೊಂಗನೂರು," ಎಂದರು. "ಸಾಯಂಕಾಲದ್ದಕ್ಕೆ ಹೋಗು."

ಎರಡು ವರ್ಷದಲ್ಲಿ ಅವರು ತಮಗಾಗಿ ನನ್ನನ್ನು ಏನನ್ನೂ ಕೇಳಿರಲಿಲ್ಲ.

"ಹುಳ ನಾಕನೇ ಜ್ವರ ಬುಟ್ಟು ಎದ್ದವೆ ನರ್ಸಮ್ಮ," ಎಂದೆ. ಹುಳ ಪೊರೆ ಬಿಡುವುದಕ್ಕೆ ನಾವು ಜ್ವರ ಎನ್ನುತ್ತೇವೆ. ಎದ್ದ ಮೇಲೆ ಅವುಗಳ ಹಸಿವಿಗೆ ಮಿತಿಯಿರುವುದಿಲ್ಲ. "ಸೊಪ್ಪು ಹಾಕ್ಬೇಕು. ಬರೋ ಬುಧವಾರ ಬತ್ತೀನಿ."

"ಸರಿ. ಅವಕ್ಕೆ ಹೊಟ್ಟೆ ಹಸೀತಿರುತ್ತೆ. ಹೋಗು."

ಓಡಿಹೋಗಿ ಹತ್ತಿದೆ. ಸಿಕ್ಕಿದ್ದು ಆಚೆ ಬದಿಯ ಸೀಟು, ಜಗಲಿ ಕಾಣಲಿಲ್ಲ. ಎದ್ದು ನೋಡಬಹುದಿತ್ತು. ಎಲ್ಲರೆದುರು ಎದ್ದು ನಿಲ್ಲಲು ನಾಚಿಕೆಯಾಯಿತು.

ಅವತ್ತು ಸೊಪ್ಪು ಹಾಕಲು ಓಡಿಬಂದೆನಲ್ಲ, ಆ ಹುಳದ ಗೂಡು ಬಹಳ ಚೆನ್ನಾಗಿ ಬಂತು. ಅದುಮಿದರೂ ಬಗ್ಗದಷ್ಟು ಗಟ್ಟಿ. ಮಾರುಕಟ್ಟೆಯಲ್ಲಿ ನಮ್ಮದನ್ನೇ ಜನ ಕೈಯಲ್ಲಿ ಹಿಡಿದು ಹಿಡಿದು ನೋಡಿದರೆಂದು ಶಿವಣ್ಣ ಹಿಗ್ಗಿಕೊಂಡು ಬಂದ.