ನನಗಿರದ ಸಕ್ಕರೆ ಕಾಯಿಲೆ

ನಮ್ಮ ಮುಧೋಳದಲ್ಲಿ ಸಕ್ಕರೆ ಕಾಯಿಲೆಗೆ ಇರುವಷ್ಟು ಮರ್ಯಾದೆ ಬೇರೆ ಯಾವ ರೋಗಕ್ಕೂ ಇಲ್ಲ. ಎತ್ತ ನೋಡಿದರೂ ಕಬ್ಬು. ಸಕ್ಕರೆ ಬಂತೆಂದರೆ ಆಸಾಮಿ ಉಂಡುಟ್ಟು ಸುಖವಾಗಿದ್ದಾನೆ ಎಂದೇ ಲೆಕ್ಕ. ಅದಕ್ಕೇ ನನಗೆ ಎಚ್‌ಐವಿ ಇದೆಯೆಂದು ತಿಳಿದ ವಾರವೇ ಸಕ್ಕರೆ ಬಂದಿದೆ ಎಂದು ಊರಿಗೆಲ್ಲ ಹೇಳಿಬಿಟ್ಟೆ. ದಿನಾ ಗುಳಿಗೆ ನುಂಗಬೇಕು, ಆಗಾಗ ದವಾಖಾನೆಗೆ ಹೋಗಬೇಕು. ಎರಡಕ್ಕೂ ಒಂದೇ ಸುಳ್ಳು ಸಾಕು. ನಿಜವಾದ ಕಾಯಿಲೆ ಹೇಗೆ ಬಂತು ಎಂದು ನೀವು ಕೇಳಬೇಡಿ. ಡಾಕ್ಟರೇ ಕೇಳಲಿಲ್ಲ.

ಆದರೆ ಬೆಲ್ಲದ ಊರಿನಲ್ಲಿ ಈ ಸುಳ್ಳು ಹೇಳುವ ಮೊದಲು ಸ್ವಲ್ಪ ಯೋಚಿಸಬೇಕಿತ್ತು. ಮದುವೆಯ ಪಂಕ್ತಿಯಲ್ಲಿ ಕೂತರೆ ಹೋಳಿಗೆಯ ಬುಟ್ಟಿ ನನ್ನನ್ನು ಕಂಡಕೂಡಲೇ ಓಟ ಕೀಳುತ್ತದೆ. “ಸಾವಕಾರ್ರಿಗೆ ಬ್ಯಾಡ್ರೀ, ಸಕ್ರಿ ಐತಿ!” ಎಂದು ಯಾರೋ ಇಡೀ ಪಂಕ್ತಿಗೆ ಕೇಳುವಂತೆ ಕೂಗುತ್ತಾರೆ. ನಿಜ ಗೊತ್ತಿದ್ದವಳು ನನ್ನ ಹೆಂಡತಿ ಒಬ್ಬಳೇ. ಅವಳ ರಕ್ತ ಚೊಕ್ಕಟವಾಗಿ ಬಂದದ್ದು ನನ್ನ ಪುಣ್ಯ. ಅವಳು ಹಬ್ಬದ ದಿನ ಕದ ಹಾಕಿಕೊಂಡು ನನಗೆ ಹೋಳಿಗೆ ಬಡಿಸುತ್ತಾಳೆ, ಕಳ್ಳಭಟ್ಟಿ ಕುಡಿಸುವವರ ಹಾಗೆ.

ನನ್ನದು ಬಟ್ಟೆ ಅಂಗಡಿ. ಯಾವ ಮನೆಯವರು ಯಾವ ಮದುವೆಗೆ ಯಾವ ಬಣ್ಣದ ಸೀರೆ ಒಯ್ದರು ಎಂಬುದೆಲ್ಲ ತಲೆಯಲ್ಲೇ ಇರುತ್ತಿತ್ತು. ಹೋದ ವರ್ಷ ಅದು ಜಾರತೊಡಗಿತು. ಕಪಾಟಿನಿಂದ ಸೀರೆ ತೆಗೆದು, ಯಾರಿಗೆಂದು ತೆಗೆದೆ ಎಂದು ತಿಳಿಯದೆ ನಿಂತುಬಿಡುತ್ತಿದ್ದೆ. ಡಾಕ್ಟರಮ್ಮನಿಗೆ ಹೇಳಿದೆ.

“ಗುಳಿಗಿ ತಮ್ಮ ಕೆಲಸ ಮಾಡಾಕತ್ತಾವ್ರಿ. ಇನ್ನ ಮೆದುಳಿನ ಕಾಳಜಿ ನೀವ ಮಾಡಬೇಕ್ರಿ,” ಎಂದರು ಆಕೆ. “ತಂಬಾಕ ಬಿಡ್ರಿ, ದಿನಾ ನಡೀರಿ, ನಿದ್ದಿ ಕೆಡಸಬ್ಯಾಡ್ರಿ, ಬಿ.ಪಿ. ನೋಡಿಸ್ಕೋರಿ. ಮಂದಿ ಜೋಡಿ ಬೆರೀರಿ. ಒಬ್ಬರ ಕುಂಡ್ರಬ್ಯಾಡ್ರಿ.”

ಮಂದಿಯೊಂದಿಗೆ ಬೆರೆಯುವುದೇನೋ ಸರಿ, ಆದರೆ ನನ್ನ ಅಂಜಿಕೆಯೇ ಅಲ್ಲಿತ್ತು. ಸೀರೆ ಮರೆತರೆ ಮರೆಯಲಿ. ಸುಳ್ಳನ್ನೇ ಮರೆತರೆ? ಯಾರ ಮುಂದೋ ಖರೆ ಬಾಯಿಗೆ ಬಂದುಬಿಟ್ಟರೆ ನನ್ನ ಅಂಗಡಿಯ ಮೆಟ್ಟಿಲು ಯಾರು ಹತ್ತುತ್ತಾರೆ?

ಅಂತೂ ನಡೆಯಲು ನನ್ನ ಜೊತೆ ಸಾಲಿ ಕಲಿತ ಗೆಳೆಯನನ್ನು ಜೊತೆ ಮಾಡಿಕೊಂಡೆ. ಬೀರೇಶ್ವರನ ಒಕ್ಕಲು, ಕುರಿ ಕಾಯುತ್ತ ಬೆಳೆದವನು; ಈಗ ಊರ ಹೊರಗೆ ಕಬ್ಬಿನ ಹೊಲ, ಬೆಲ್ಲದ ಗಾಣ ಎರಡೂ ಇವೆ. ಅವನ ನಡಿಗೆಗೆ ನನ್ನಂಥ ಗಾದಿಯ ಮೇಲೆ ಕೂತವನು ಓಡಬೇಕು. ಮೊದಲ ದಿನವೇ ನನ್ನ ಜೇಬಿನ ತಂಬಾಕಿನ ಚೀಟು ಕಸಿದು ಕಾಲುವೆಗೆ ಎಸೆದ. “ಸಕ್ರಿ ಇದ್ದಾವ ತಂಬಾಕ ತಿಂತಾನೇನಲೇ?” ಎಂದು ಬೈದ. ದಿನಾ ಹೊರಡುವಾಗ “ಸಕ್ರಿ ಎಷ್ಟೈತಿ?” ಎಂದು ಕೇಳುತ್ತಿದ್ದ. ನಾನು ಬಾಯಿಗೆ ಬಂದ ಅಂಕಿ ಹೇಳುತ್ತಿದ್ದೆ. ನಿನ್ನೆಯ ಅಂಕಿಗೂ ಇವತ್ತಿನದಕ್ಕೂ ತಾಳೆಯಾಗಬೇಕಲ್ಲ, ಅದನ್ನು ನೆನಪಿಟ್ಟುಕೊಳ್ಳಬೇಕು. ಮೆದುಳಿಗೆ ಇದಕ್ಕಿಂತ ಹೆಚ್ಚಿನ ವ್ಯಾಯಾಮ ಬೇಕೇ?

ಚಳಿಗಾಲಕ್ಕೆ ಗಾಣ ಶುರುವಾಯಿತು. ಗಾಣಕ್ಕೆ ಬಂದವರು ಯಾರೇ ಇರಲಿ, ಬಿಸಿ ಬೆಲ್ಲ ತಿನ್ನದೆ ಹೋಗುವಂತಿಲ್ಲ. ಬೇಡವೆಂದರೆ ಗಾಣಕ್ಕೇ ಅವಮಾನ. ನನಗೆ ಮಾತ್ರ ಹುರಿದ ಶೇಂಗಾ. ಕೊಪ್ಪರಿಗೆಯ ಘಮಕ್ಕೆ ಬಾಯಲ್ಲಿ ನೀರೂರುತ್ತಿದ್ದರೂ ಸಾಧುವಿನ ಹಾಗೆ ಶೇಂಗಾ ಅಗಿಯುತ್ತಿದ್ದೆ. ಒಂದು ಮುಂಜಾನೆ ಆಳುಗಳೆಲ್ಲ ಕಬ್ಬು ತರಲು ಹೋಗಿದ್ದಾಗ ಅವನು ಕಬ್ಬಿನ ಎಲೆಯ ಮೇಲೆ ಬಿಸಿ ಬೆಲ್ಲ ತಂದು ನನ್ನ ಮುಂದಿಟ್ಟ.

“ತಿನ್ನಲೇ. ಯಾರೂ ಇಲ್ಲ.”

“ಸಕ್ರಿ ಐತಲ್ಲೋ ನನಗ!”

“ಎಲ್ಲಿ ಸಕ್ರಿ? ನಿಂದು ಜಡ್ಡ ಬ್ಯಾರೆ ಐತಿ ಅಂತ ನೀನ ಹೇಳೀದಿಯಲ್ಲ?”

“ನಾ? ಯಾವಾಗ?”

“ಕಾರಹುಣ್ಣಿಮಿ ಮುಂದ, ಕಾಲುವಿ ದಂಡಿ ಮ್ಯಾಗ ಕುಂತು. ಅಳಾಕತ್ತಿದ್ದಿ. ಮರದಿನ ನೋಡಿದ್ರ ಮತ್ತ ಸಕ್ರಿ ನೂರಾ ನಲವತ್ತ ಅಂದಿ. ಹೇಳಿದ್ದಕ್ಕ ನಾಚಿಕಿ ಬಂದಿರಬೇಕು ಅಂತ ನಾನೂ ಸುಮ್ಮನಾದೆ.”

ಕಾಲುವೆಯ ದಂಡೆ ನೆನಪಿದೆ, ಕಾರಹುಣ್ಣಿಮೆಯೂ ನೆನಪಿದೆ. ಕೂತದ್ದು, ಅತ್ತದ್ದು, ಹೇಳಿದ್ದು ಏನೆಂದರೆ ಏನೂ ನೆನಪಿಲ್ಲ. ಅವನು ನನ್ನ ಮುಖ ನೋಡಿದ. ತಮಾಷೆಯಲ್ಲ ಎಂದು ಅವನಿಗೂ ತಿಳಿಯಿತು.

“ಖರೇನ ನೆನಪಿಲ್ಲೇನೋ?”

“ಇಲ್ಲೋ,” ಎಂದೆ. ನನಗೆ ಅಷ್ಟು ಭಯ ರಕ್ತದ ರಿಪೋರ್ಟು ಕೈಗೆ ಬಂದ ದಿನವೂ ಆಗಿರಲಿಲ್ಲ.

ಅವನು ಪಕ್ಕದಲ್ಲಿ ಬಂದು ಕೂತ. “ಅಂಜಬ್ಯಾಡ. ಮುಂದಿನ ಸಲ ದವಾಖಾನಿಗೆ ನಾನೂ ಬರ್ತೇನಿ. ಇದನ್ನ ಡಾಕ್ಟರಮ್ಮಾರಿಗೆ ನಾನ ಹೇಳ್ತೇನಿ.”

“ಊರಾಗ ಕೇಳಿದ್ರ? ಇಬ್ಬರೂ ಕೂಡಿ ಯಾಕ ಹೊಂಟೀರಿ ಅಂದ್ರ?”

“ಸಕ್ರಿ ತೋರಸಾಕ ಅಂದ್ರಾತು. ನಿನ್ನ ಮುಂದ ಎಲ್ಲಾರೂ ಹಂಗ ಅಂತಾರಲ್ಲ.” ಅಂದವನೇ ನಾಲಿಗೆ ಕಚ್ಚಿಕೊಂಡ.

“ನನ್ನ ಮುಂದ ಅಂದ್ರ?”

ಅವನು ತಲೆ ತಗ್ಗಿಸಿದ. ಆಮೇಲೆ ಮೆಲ್ಲಗೆ ಅಂದ:

“ನೀ ನನಗ ಒಬ್ಬಂಗಷ್ಟ ಹೇಳಿಲ್ಲ ದೋಸ್ತ. ಹಂಗಂತ ಅಂಗಡಿಗೆ ಬರೂದು ಯಾರರ ಬಿಟ್ಟಾರೇನು?”