ಒಂದೇ ಮಗುವಿಗೆ ತೆರೆಯದ ಬಾಟಲಿ

ದಡಾರದ ಲಸಿಕೆಯ ಒಂದು ಬಾಟಲಿ ಹತ್ತು ಮಕ್ಕಳಿಗಾಗುತ್ತದೆ. ತೆರೆದರೆ ಅಂದೇ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ಸರ್ಕಾರಿ ಆಸ್ಪತ್ರೆಯ ನರ್ಸಮ್ಮನಿಗೋ ಚೆಲ್ಲುವುದೆಂದರೆ ಸಂಕಟ. ತಟ್ಟೆಯಲ್ಲಿ ಒಂದಗುಳು ಬಿಟ್ಟವಳಲ್ಲ.

ಅಂದು ಒಬ್ಬ ತಾಯಿ ಎರಡು ಬಸ್ಸು ಬದಲಿಸಿ, ಒಂಬತ್ತು ತಿಂಗಳ ಮಗಳನ್ನು ಎತ್ತಿಕೊಂಡು ಬಂದಳು. ಆಸ್ಪತ್ರೆಯಲ್ಲಿ ಬೇರೆ ಮಗು ಇರಲಿಲ್ಲ.

"ಇವಳೊಬ್ಬಳಿಗೋಸ್ಕರ ಬಾಟ್ಲಿ ಓಪನ್ ಮಾಡಿದ್ರೆ ಒಂಬತ್ತು ಮಕ್ಕಳ ಪಾಲು ಮೋರಿಗೆ ಹೋಗುತ್ತಮ್ಮ. ಬುಧವಾರ ಬಾ, ಎಲ್ರೂ ಬರ್ತಾರೆ."

"ಆಗ್ಲಿ ಅಕ್ಕ," ಎಂದು ತಾಯಿ ತೆಪ್ಪಗೆ ಹೊರಟಳು. ಜಗಳವಾಡಿದ್ದರೆ ನರ್ಸಮ್ಮ ಕರಗುತ್ತಿದ್ದಳೋ ಏನೋ.

ಬುಧವಾರ ಅವಳ ಸುಳಿವಿಲ್ಲ. ತಿಂಗಳು ಕಳೆದು ಬಂದಾಗ ಮಗುವಿಗೆ ದಡಾರ ಬಂದುಹೋಗಿತ್ತು. ಜೀವ ಉಳಿದಿತ್ತು, ಕಣ್ಣು ಉಳಿದಿರಲಿಲ್ಲ.

ಲಸಿಕೆ ಪೋಲು ಮಾಡದವಳೆಂದು ಆ ವರ್ಷ ನರ್ಸಮ್ಮನಿಗೆ ಪ್ರಶಸ್ತಿಪತ್ರ ಸಿಕ್ಕಿತು. ಅದು ಬೀರುವಿನಲ್ಲಿ ಮುಖ ಮುಚ್ಚಿಕೊಂಡು ಬಿದ್ದಿದೆ. ಈಗ ಒಂದೇ ಮಗು ಬಂದರೂ ಅವಳು ಬಾಟಲಿ ತೆರೆಯುತ್ತಾಳೆ. ಮೇಲಿನವರು ಕೇಳಿದರೆ, "ಬರ್ಕೊಳ್ಳಿ, ನಾನೇ ಚೆಲ್ಲಿದ್ದು" ಎಂದು ರೇಗುತ್ತಾಳೆ.

ಆ ತಾಯಿ ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕಣ್ಣು ಹೋದ ಮಗುವನ್ನು ಎತ್ತಿಕೊಂಡು ಬಂದ ದಿನ ಅವಳು ಅಂದದ್ದು ಇಷ್ಟೇ: "ತಪ್ಪು ನಂದೇ ಅಕ್ಕ. ಬುಧವಾರ ಕೆಲಸಕ್ಕೆ ರಜೆ ಸಿಗ್ಲಿಲ್ಲ."