ತಟ್ಟಣ್ಣ ತಟ್ಟಿದ ಮೇಜು

ಹುಲ್ಲಿನ ಹಲಗೆ ಮಾಡುವ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಕರೆಯುವುದು ತಟ್ಟಣ್ಣ ಎಂದೇ. ಕತ್ತರಿಸಿದ ಭತ್ತದ ಹುಲ್ಲಿಗೆ ಅಂಟು ಕಲಸಿ, ಬಿಸಿ ಪ್ರೆಸ್ಸಿನಲ್ಲಿ ಒತ್ತಿದರೆ ಹಲಗೆ ಸಿದ್ಧ. ಆದರೆ ಹುಲ್ಲಿನಲ್ಲಿ ತೇವ ಉಳಿದಿದ್ದರೆ ಹಬೆ ಒಳಗೇ ಸಿಕ್ಕಿಕೊಳ್ಳುತ್ತದೆ. ಹೊರಗೆಲ್ಲ ನುಣುಪು, ಒಳಗೆ ಪೊಳ್ಳು. ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, ಅಂಥದ್ದನ್ನು ಹಿಡಿಯುವುದೇ ತಟ್ಟಣ್ಣನ ಕೆಲಸ. ಇಪ್ಪತ್ತೆರಡು ವರ್ಷ ತಟ್ಟಿ ತಟ್ಟಿ ಅದು ಚಟವೇ ಆಗಿಹೋಗಿತ್ತು. ಬಸ್ಸಿನ ಸೀಟು, ಕಲ್ಲಂಗಡಿ, ಒಮ್ಮೆ ಮೈಮರೆತು ಮ್ಯಾನೇಜರರ ಬೋಳುತಲೆ, ಯಾವುದನ್ನೂ ಬಿಟ್ಟವನಲ್ಲ ಮಹಾನುಭಾವ.

ಮಗಳು ಮೆಚ್ಚಿದ ಹುಡುಗನ ಮನೆಗೆ ಅವಳನ್ನೂ ಕರೆದುಕೊಂಡು ಮಾತುಕತೆಗೆ ಹೊರಟಾಗ ಹೆಂಡತಿ ಬಾಗಿಲಲ್ಲೇ ತಡೆದಳು. "ನೋಡಿ, ಹುಡುಗನ ಅಪ್ಪಂಗೆ ಮೂಗಿನ ತುದೀಲೇ ಕೋಪ. ಅಲ್ಲಿ ಏನಾದ್ರೂ ತಟ್ಟಿದ್ರೋ, ಮಗಳ ಮದುವೆ ಮುರೀತು ಅಂತ್ಲೇ ತಿಳ್ಕೊಳ್ಳಿ!"

ತಟ್ಟಣ್ಣ ಎರಡೂ ಕೈಗಳನ್ನು ಜೇಬಿಗೆ ತುರುಕಿಕೊಂಡ. ಪಾಪ, ಟೀ ಕುಡಿಯಲು ಒಂದನ್ನು ಹೊರಗೆ ತೆಗೆಯಲೇಬೇಕಾಯಿತು. ಅದೇ ಹೊತ್ತಿಗೆ ಹುಡುಗನ ಅಪ್ಪ ಊಟದ ಮೇಜನ್ನು ಸವರುತ್ತ, "ಅಪ್ಪಟ ತೇಗ, ಬೀಗ್ರೇ. ನಾನೇ ಆರಿಸಿ ತಂದಿದ್ದು," ಎಂದರು.

ಟಕ್. ಟಕ್. ಡೊಬ್.

"ಪೊಳ್ಳು!" ಎಂದುಬಿಟ್ಟ ತಟ್ಟಣ್ಣ.

ಹುಡುಗನ ಅಪ್ಪ ಧಡಕ್ಕನೆ ಎದ್ದರು. "ನನ್ನ ಮನೇಲಿ ಕೂತು ನನ್ನನ್ನೇ ಸುಳ್ಳ ಅಂತೀರಾ?"

ಮಗಳ ಮುಖ ಬಿಳಿಚಿತು. ತಟ್ಟಣ್ಣ ಮೇಜಿನಡಿ ಬಗ್ಗಿ ನೋಡಿದ. ಅಲ್ಲಿ ಕಾರ್ಖಾನೆಯ ಮುದ್ರೆ, ಪಕ್ಕದಲ್ಲೇ ಪಾಸಾದ ಹಲಗೆಗೆ ಅವನೇ ಹಾಕುವ ಸೀಮೆಸುಣ್ಣದ ಗುರುತು. ಸುಮ್ಮನಿದ್ದಿದ್ದರೆ ನಡೆಯುತ್ತಿತ್ತು. ಆದರೆ ಹೊಟ್ಟೆಯಲ್ಲಿ ಮಾತು ಇಟ್ಟುಕೊಳ್ಳುವ ಜಾಯಮಾನ ಅವನದಲ್ಲ.

"ತೇಗ ಮೇಲಿನ ಪದರ ಮಾತ್ರ. ಅಂಗಡಿಯವ್ನು ನಿಮಗೆ ಟೋಪಿ ಹಾಕಿದಾನೆ. ಒಳಗಿರೋದು ನಮ್ಮ ಹುಲ್ಲು. ಪೊಳ್ಳು ಹಲಗೇನ ಪಾಸ್ ಮಾಡಿದ್ದು ನಾನೇ, ನೆಗಡಿಯಾಗಿ ಕಿವಿ ಕಟ್ಟಿದ್ದ ವಾರ ಇರ್ಬೇಕು. ತಪ್ಪು ನಂದು, ಬೀಗ್ರೇ. ಬೇರೆ ಹಲಗೆ ಹಾಕಿಸಿಕೊಡ್ತೀನಿ."

ಇದನ್ನು ಕೇಳಿ ಹುಡುಗನ ತಾಯಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಮೂವತ್ತು ವರ್ಷದ ಸಂಸಾರದಲ್ಲಿ ಈ ಮನೇಲಿ ಗಂಡಸೊಬ್ಬ ತಪ್ಪು ನಂದು ಅಂದಿದ್ದು ಇವತ್ತೇ ಕೇಳಿದ್ದು. ಇಂಥ ಬೀಗರನ್ನ ಬಿಡೋಕಾಗುತ್ತಾ?"

ಗಂಡ ಬಾಯಿ ತೆರೆದರು. ಆಕೆ ಒಳಗೆ ಹೋಗಿ, ಕುದಿಯುತ್ತಿದ್ದ ಟೀ ಪಾತ್ರೆಯನ್ನು ತಂದು ಮೇಜಿನ ನಟ್ಟನಡುವೆ ಕುಕ್ಕಿದರು. "ಎರಡು ವರ್ಷದಿಂದ ಇದರ ಮೇಲೆ ಬಿಸಿ ಪಾತ್ರೆ ಇಡೋಕೂ ಬಿಟ್ಟಿರ್ಲಿಲ್ಲ ಇವ್ರು!"

ಹುಡುಗನ ಅಪ್ಪ ಪಾತ್ರೆಯನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಮೆಲ್ಲಗೆ ಕೂತು, "ಮದುವೆ ಯಾವ ತಿಂಗಳು ಇಟ್ಕೊಳ್ಳೋಣ, ಬೀಗ್ರೇ?" ಎಂದರು.